ಕೋಣೆಯನ್ನು ಅಳೆದೆ, ಮಗನನ್ನು ಅಳೆಯಲಿಲ್ಲ: ಒಂದರಡಿ ಒಂದಿರುವ ಜೋಡಿ ಮಂಚ, ನಾಲ್ಕು ವರ್ಷದ ಬಳಕೆಯ ನಂತರ

ಈ ಮಂಚದ ಬಗ್ಗೆ ಬರೆಯಲು ಕುಳಿತಿದ್ದಕ್ಕೆ ಒಂದೇ ಕಾರಣ, ಅದರ ಕಾಲ ಕಡೆಯ ಹಲಗೆ. ಅಂಗಡಿಗೆ ಹೋದವರು ತಲೆ ಕಡೆಯ ಹಲಗೆ ನೋಡುತ್ತಾರೆ, ಬಣ್ಣ ನೋಡುತ್ತಾರೆ, ಹಾಸಿಗೆಯನ್ನು ಅಂಗೈಯಿಂದ ಎರಡು ಸಲ ಒತ್ತುತ್ತಾರೆ. ಕಾಲ ಕಡೆಯ ಹಲಗೆಯನ್ನು ನೋಡಿದವರನ್ನು ನಾನು ಕಂಡಿಲ್ಲ. ನಾನೂ ನೋಡಲಿಲ್ಲ.

ಕೊಂಡದ್ದು 2021ರ ಸೆಪ್ಟೆಂಬರಿನಲ್ಲಿ. ಮಗ ಎಂಟನೇ ತರಗತಿ, ಎತ್ತರ ಐದಡಿ ಒಂದಿಂಚು. ಅಜ್ಜಿಯ ಪಕ್ಕದಲ್ಲಿ ಮಲಗುವುದಿಲ್ಲ, ನನಗೆ ಬೇರೆ ಕೋಣೆ ಬೇಕು ಎಂದು ಹಟ ಹಿಡಿದಿದ್ದ. ಮೈಸೂರು ಸರಸ್ವತಿಪುರಂನ ನಮ್ಮ ಮನೆ ಹಳೆಯದು; ಸಾಮಾನು ಇಡುತ್ತಿದ್ದ ಚಿಕ್ಕ ಕೋಣೆಯನ್ನೇ ಖಾಲಿ ಮಾಡಿ ಕೊಟ್ಟೆವು. ನಮ್ಮ ಪರಿಚಯದ ಬಡಗಿ ತೇಗದಲ್ಲಿ ಮಾಡಲು 55 ಸಾವಿರ ಕೇಳಿದರು. ಅಷ್ಟು ಹಣವಿರಲಿಲ್ಲ. ಅಂಗಡಿಯ ಸಿದ್ಧ ಮಂಚ 24 ಸಾವಿರಕ್ಕೆ ಸಿಕ್ಕಿತು. ಒತ್ತುಹಲಗೆಯದು, ಅಂದರೆ ಮರದ ಪುಡಿಯನ್ನು ಅಂಟು ಸೇರಿಸಿ ಒತ್ತಿ ಮಾಡಿದ ಹಲಗೆ; ಅಡಿಯಲ್ಲಿ ಚಕ್ರದ ಮೇಲೆ ಇನ್ನೊಂದು ತಗ್ಗು ಮಂಚ, ಬೇಕಾದಾಗ ಎಳೆದುಕೊಳ್ಳಬಹುದು.

ಒಂಟಿ ಮಂಚದ ಹಾಸಿಗೆ ಸಾಮಾನ್ಯವಾಗಿ 72, 75, 78 ಇಂಚು ಉದ್ದಗಳಲ್ಲಿ ಸಿಗುತ್ತದೆ. ನಾನು ಆರಿಸಿದ್ದು 72. ಅದಕ್ಕೂ ಲೆಕ್ಕವಿತ್ತು. ಉತ್ತರಕ್ಕೆ ತಲೆ ಹಾಕಿ ಮಲಗಬಾರದು ಎಂಬ ವಿಷಯದಲ್ಲಿ ನಮ್ಮ ಅತ್ತೆಯೊಂದಿಗೆ ರಾಜಿಯಿಲ್ಲ. ಪೂರ್ವಕ್ಕೆ ಹಾಕಿದರೆ ಕೆಳಗಿನ ಮಂಚ ಎಳೆಯಲು ಓದುವ ಮೇಜು ಅಡ್ಡ. ಉಳಿದದ್ದು ದಕ್ಷಿಣ. ಆ ದಿಕ್ಕಿನಲ್ಲಿ ಕೋಣೆ ಎಂಟೂವರೆ ಅಡಿ, ಅಂದರೆ 102 ಇಂಚು. ಉತ್ತರದ ಗೋಡೆಯಲ್ಲಿ ಗೋಡೆ ಬೀರು. ಅದರ ಬಾಗಿಲು ತೆರೆದರೆ 24 ಇಂಚು ಮುಂದೆ ಬರುತ್ತದೆ. ಉಳಿಯುವುದು 78. ಎರಡೂ ಕಡೆಯ ಹಲಗೆ ಸೇರಿ ನಮ್ಮ ಮಂಚ 77. ಒಂದಿಂಚು ಮಿಕ್ಕಿತು ಎಂದು ಟೇಪನ್ನು ಮಡಚಿ ಬೀಗಿದ್ದೆ.

ಹುಡುಗರು ಸಾಮಾನ್ಯವಾಗಿ ಹದಿಮೂರು ಹದಿನಾಲ್ಕರಲ್ಲಿ ಅತಿ ಬೇಗ ಬೆಳೆಯುತ್ತಾರೆ, ಆಗ ವರ್ಷಕ್ಕೆ ಎಂಟೊಂಬತ್ತು ಸೆಂಟಿಮೀಟರ್ ಏರುವುದು ಮಾಮೂಲು. ಇದು ನನಗೆ ತಿಳಿಯದ ವಿಷಯವಲ್ಲ, ಸಮವಸ್ತ್ರದ ಪ್ಯಾಂಟಿನ ಮಡಿಕೆಯನ್ನು ಬಿಚ್ಚಿ ಬಿಚ್ಚಿ ಇಳಿಸುತ್ತಿದ್ದವಳು ನಾನೇ. ಆದರೂ ಮಂಚದ ಮಟ್ಟಿಗೆ ಅವನು ಐದಡಿಯ ಹುಡುಗನಾಗಿಯೇ ಇರುತ್ತಾನೆ ಎಂದು ಅಂದುಕೊಂಡಿದ್ದೆ. ಎಸ್ಸೆಸ್ಸೆಲ್ಸಿ ಮುಗಿಯುವ ಹೊತ್ತಿಗೆ ಐದಡಿ ಹತ್ತಿಂಚು. 72 ಇಂಚಿನಲ್ಲಿ 70 ಇಂಚಿನ ಹುಡುಗ ಹಿಡಿಸಬೇಕಲ್ಲ? ಹಿಡಿಸುವುದಿಲ್ಲ. ತಲೆಯನ್ನು ಹಲಗೆಗೆ ಒತ್ತಿಕೊಂಡು ಯಾರೂ ಮಲಗುವುದಿಲ್ಲ, ದಿಂಬು ಒಂದಷ್ಟು ಕೆಳಗೆ ಜಾರುತ್ತದೆ, ಮಲಗಿದವನ ಪಾದ ಮುಂದಕ್ಕೆ ಚಾಚಿಕೊಳ್ಳುತ್ತದೆ. ಮಲಗುವವನ ಎತ್ತರಕ್ಕಿಂತ ಆರಿಂಚಾದರೂ ಹೆಚ್ಚು ಬೇಕು. ರಾತ್ರಿ ಎರಡು ಗಂಟೆಗೆ ಪಕ್ಕದ ಕೋಣೆಯಿಂದ ‘ಠಪ್’ ಎಂದು ಸದ್ದು. ಬೆಳಿಗ್ಗೆ ನೋಡಿದರೆ ಹುಡುಗ ಹಾಸಿಗೆಯ ಮೇಲೆ ಮೂಲೆಯಿಂದ ಮೂಲೆಗೆ ಅಡ್ಡಡ್ಡ, ಒಂದು ಕಾಲು ಗೋಡೆಯ ಮೇಲೆ.

ಅಂಗಡಿಗೆ ಫೋನ್ ಮಾಡಿ ಆ ಹಲಗೆ ಬಿಚ್ಚಬಹುದೇ ಎಂದು ಕೇಳಿದೆ. ಬಿಚ್ಚಿದರೆ ವಾರಂಟಿ ಹೋಗುತ್ತದೆ ಎಂದರು. ವಾರಂಟಿ ಆಗಲೇ ಮುಗಿದಿದೆಯಲ್ಲ ಎಂದರೆ, ‘ಹಾಗಾದರೆ ನಿಮ್ಮ ಇಷ್ಟ ಮೇಡಂ’ ಎಂದು ಫೋನ್ ಇಟ್ಟರು. ಆ ವಾರ ಬರೆದಿದ್ದರೆ ಈ ಮಂಚಕ್ಕೆ ಒಂದು ನಕ್ಷತ್ರ ಕೊಡುತ್ತಿದ್ದೆ.

ಬರೆಯದೆ ಬಿಟ್ಟದ್ದು ಅಡಿಯ ಮಂಚದ ದಾಕ್ಷಿಣ್ಯಕ್ಕೆ.

ಮೈಸೂರಿನಲ್ಲಿ ಮನೆಯಿದ್ದವರಿಗೆ ದಸರೆ ಎಂದರೇನು ಎಂದು ಹೇಳಬೇಕಾಗಿಲ್ಲ. ಕೊಂಡ ವರ್ಷ ಜಂಬೂಸವಾರಿ ಅರಮನೆಯ ಆವರಣದೊಳಗೇ ಮುಗಿದಿತ್ತು, ಯಾರೂ ಬರಲಿಲ್ಲ. ಮರುವರ್ಷದಿಂದ ಮಂಡ್ಯದ ನನ್ನ ತಂಗಿಯ ಮಕ್ಕಳಿಬ್ಬರು ಆಯುಧಪೂಜೆಯ ಹಿಂದಿನ ದಿನವೇ ಹಾಜರು. ದೀಪಾಲಂಕಾರ ನೋಡಿಕೊಂಡು ಹನ್ನೊಂದು ಗಂಟೆಗೆ ಮನೆಗೆ ಬಂದರೆ ಮೊದಲ ಕೆಲಸ ಕೆಳಗಿನ ಮಂಚ ಎಳೆಯುವುದು. ಒಬ್ಬ ನಡುವಿನ ಹಿಡಿ ಹಿಡಿಯಬೇಕು, ಇನ್ನೊಬ್ಬ ಮೂಲೆಯನ್ನು ಸ್ವಲ್ಪ ಎತ್ತಿ ಕೊಡಬೇಕು, ಇಲ್ಲದಿದ್ದರೆ ಎಡಗಡೆಯ ಚಕ್ರ ಮುನಿಸಿಕೊಳ್ಳುತ್ತದೆ. ಮೊದಲ ವರ್ಷವೇ ಆ ಪ್ಲಾಸ್ಟಿಕ್ ಚಕ್ರಗಳು ನಮ್ಮ ಕೆಂಪು ರೆಡ್ ಆಕ್ಸೈಡ್ ನೆಲದ ಮೇಲೆ ಎರಡು ಬಿಳಿ ಗೆರೆ ಎಳೆದವು. ಐವತ್ತು ವರ್ಷ ಒರೆಸಿ ಒರೆಸಿ ಕನ್ನಡಿಯಾಗಿದ್ದ ನೆಲ. ಅತ್ತೆ ಎರಡು ದಿನ ನನ್ನೊಂದಿಗೆ ಮಾತು ಬಿಟ್ಟರು, ಮಂಚ ಎಳೆದ ಮೊಮ್ಮಕ್ಕಳೊಂದಿಗೆ ಬಿಡಲಿಲ್ಲ. ಹಾರ್ಡ್‌ವೇರ್ ಅಂಗಡಿಯಿಂದ ರಬ್ಬರ್ ಚಕ್ರ ತಂದು ಹಾಕಿಸಿದ ಮೇಲೆ ಗೆರೆ ನಿಂತಿತು. ಹಳೆಯ ಎರಡು ಹಾಗೆಯೇ ಇವೆ.

ಕೆಳಗಿನದಕ್ಕೆ ನಾಲ್ಕಿಂಚಿಗಿಂತ ದಪ್ಪದ ಹಾಸಿಗೆ ಹಿಡಿಸದು. ಮನೆಯಲ್ಲಿದ್ದ ಹಳೆಯ ಹತ್ತಿ ಹಾಸಿಗೆಯನ್ನೇ ಬಿಚ್ಚಿಸಿ, ಹತ್ತಿ ಹಿಂಜಿಸಿ, ಅಳತೆಗೆ ಹೊಲಿಸಿದೆ. ಹೊಸದಾಗಿ ಹಿಂಜಿದ ಹತ್ತಿ ಪೂರಿಯಂತೆ ಉಬ್ಬಿಕೊಂಡು ಮಂಚ ಒಳಗೇ ಹೋಗಲಿಲ್ಲ. ಎರಡು ವಾರ ಮಧ್ಯಾಹ್ನದ ನಿದ್ದೆಯನ್ನು ಅದರ ಮೇಲೆಯೇ ಮಾಡಿ ತಗ್ಗಿಸಿದ್ದು ನಮ್ಮ ಯಜಮಾನರು. ಅವರ ಸಾಧನೆಗಳಲ್ಲಿ ಇದನ್ನು ಅವರು ಮೊದಲು ಹೇಳುತ್ತಾರೆ.

ದಸರೆ ಬಿಟ್ಟರೆ ಪರೀಕ್ಷೆಯ ಕಾಲ. ಗಣಿತದ ಹಿಂದಿನ ರಾತ್ರಿ ಅವನಾಗಿಯೇ ‘ಅಮ್ಮ, ಕೆಳಗಿನದು ಎಳೆಯಲೇ?’ ಎಂದು ಕೇಳಿದ. ದೀಪ ಆರಿಸಿದ ಮೇಲೆ, ಹಗಲು ಮೂರು ಪದ ಆಡದ ಹುಡುಗ ಮೇಲಿನಿಂದ ಮಾತಾಡುತ್ತಾ ಹೋದ. ಮುಖ ಕಾಣದಿದ್ದರೆ ಈ ವಯಸ್ಸಿನವರು ಮಾತಾಡುತ್ತಾರೆ ಎಂದು ನನಗೆ ತಿಳಿದದ್ದು ಅಲ್ಲಿ, ನೆಲದಿಂದ ಅರ್ಧ ಅಡಿ ಎತ್ತರದಲ್ಲಿ ಮಲಗಿ.

ಈ ವರ್ಷ ದ್ವಿತೀಯ ಪಿಯುಸಿ, ಎತ್ತರ ಐದಡಿ ಹನ್ನೊಂದಿಂಚು. ಕೊನೆಗೆ ಅದೇ ಬಡಗಿಯನ್ನು ಕರೆಸಿದೆ. ‘ಪೂರಾ ತೆಗೆದರೆ ಮಂಚ ಅಲುಗಾಡುತ್ತದೆ ಅಮ್ಮ, ಎರಡು ಪಕ್ಕದ ಪಟ್ಟಿಗಳನ್ನು ಹಿಡಿದಿರುವುದೇ ಇದು’ ಎಂದು, ಹಾಸಿಗೆಯ ಮಟ್ಟಕ್ಕಿಂತ ಮೇಲಿದ್ದ ಭಾಗವನ್ನಷ್ಟೇ ಕೊಯ್ದರು. ಕೊಯ್ದ ಅಂಚಿನಲ್ಲಿ ಮರದ ಪುಡಿ ಗಟ್ಟಿಯಾದ ರವೆಯಂತೆ ಕಂಡಿತು. ಅಲ್ಲಿಗೆ ಪಟ್ಟಿ ಅಂಟಿಸಿ 600 ರೂಪಾಯಿ ತೆಗೆದುಕೊಂಡರು. ಮಂಚ ಕೊಳ್ಳುವ ಮೊದಲೇ ಅವರಿಂದ ಗೋಡೆ ಬೀರುವಿನ ಬಾಗಿಲನ್ನು ಎರಡು ಸೀಳು ಮಾಡಿಸಿದ್ದರೆ, ತೆರೆದಾಗ 12 ಇಂಚಷ್ಟೇ ಬರುತ್ತಿತ್ತು, 78ರ ಮಂಚ ಧಾರಾಳವಾಗಿ ಹಿಡಿಸುತ್ತಿತ್ತು. ಇದನ್ನು ಅವರೇ ಹೇಳಿದರು, ಗರಗಸ ಚೀಲಕ್ಕೆ ಹಾಕಿಕೊಳ್ಳುತ್ತಾ.

ಒತ್ತುಹಲಗೆ ಕೊಳ್ಳುವವರಿಗೆ ಇನ್ನೊಂದು ಮಾತು: ದಿನಾ ಒದ್ದೆ ಬಟ್ಟೆಯಲ್ಲಿ ನೆಲ ಒರೆಸುವ ಮನೆಯಾದರೆ ಮಂಚದ ಕಾಲಡಿಗೆ ರಬ್ಬರ್ ಬಿಲ್ಲೆ ಹಾಕಿಸಿ, ನಮ್ಮದರ ಒಂದು ಮೂಲೆ ಊದಿದೆ. ಮಕ್ಕಳು ಇನ್ನೂ ಕುಳ್ಳಗಿದ್ದರೆ 78ನ್ನೇ ತೆಗೆದುಕೊಳ್ಳಿ. ನಾನು ಕೊಡುವುದು ಮೂರೂವರೆ ನಕ್ಷತ್ರ, ಅದರಲ್ಲಿ ಎರಡೂವರೆ ಕೆಳಗಿನ ಮಂಚಕ್ಕೆ.

ಈಗ ಪಾದಗಳು ಮಂಚದ ಆಚೆಗೆ ಗಾಳಿಯಲ್ಲಿ. ಬೆಳಿಗ್ಗೆ ಆರಕ್ಕೆ ಇಸ್ತ್ರಿ ಮಾಡಿದ ಅಂಗಿ ತೆಗೆಯಲು ಬೀರುವಿನ ಬಾಗಿಲು ತೆರೆಯುತ್ತೇನೆ, ಅದು ಹೋಗಿ ಅಂಗಾಲಿಗೆ ತಾಗುತ್ತದೆ. ಅವನು ಕಣ್ಣು ತೆರೆಯದೆ ಮೊಣಕಾಲು ಮಡಚಿಕೊಳ್ಳುತ್ತಾನೆ, ನಾನು ಅಂಗಿ ತೆಗೆದು ಬಾಗಿಲು ಹಾಕುತ್ತೇನೆ, ಪಾದಗಳು ಮತ್ತೆ ಹೊರಗೆ ಬರುತ್ತವೆ.