ಮಗನಿಗೆ ಕೊಂಡ ಲೈಫ್ ಜಾಕೆಟ್: ಒಬ್ಬ ಟೇಲರ್ ಕಣ್ಣಲ್ಲಿ

ಹಳೇ ಹುಬ್ಬಳ್ಳಿಯಲ್ಲಿ ನನ್ನದೊಂದು ಚಿಕ್ಕ ಟೇಲರಿಂಗ್ ಅಂಗಡಿ ಇದೆ. 20 ವರ್ಷದಿಂದ ಇದೇ ಕೆಲಸ. ಯಾವ ಬಟ್ಟೆ ಕೈಗೆ ಬಂದರೂ ಮೊದಲು ತಿರುವಿ ಒಳಗಿನ ಹೊಲಿಗೆ ನೋಡುತ್ತೇನೆ. ಲೈಫ್ ಜಾಕೆಟನ್ನೂ ಹಾಗೇ ನೋಡಿದೆ.

ಕಳೆದ ಬೇಸಿಗೆ ರಜೆಯಲ್ಲಿ ಒಂದು ಕಡೆ ಬೋಟಿಂಗಿಗೆ ಹೋಗಿದ್ದೆವು. ಮಗನಿಗೆ 8 ವರ್ಷ, ತೂಕ 23 ಕೆಜಿ. ಅವನಿಗೆ ದೊಡ್ಡವರ ಜಾಕೆಟ್ ತೊಡಿಸಿದರು. ಬಕಲ್ ಮುರಿದಿತ್ತು, ಬೆಲ್ಟನ್ನು ಗಂಟು ಹಾಕಿದ್ದರು. "ಏನೂ ಆಗಂಗಿಲ್ಲ ಬಿಡ್ರಿ ಅಕ್ಕಾ, ನೀರು ಭಾಳ ಆಳ ಇಲ್ಲ" ಅಂದ ಅಲ್ಲಿಯ ಹುಡುಗ. ನಾನು ಜಾಕೆಟ್ಟಿನ ಎರಡೂ ಭುಜ ಹಿಡಿದು ಮೇಲೆತ್ತಿದೆ. ಅದು ತಲೆ ದಾಟಿ ನನ್ನ ಕೈಗೇ ಬಂತು. ಮಗ ಕೆಳಗೇ ನಿಂತಿದ್ದ. ದೋಣಿ ಹತ್ತದೆ ವಾಪಸ್ ಬಂದೆವು. ದಾರಿಯುದ್ದಕ್ಕೂ ಅತ್ತ, ಪಾಪ.

ಅದಕ್ಕೇ ಸ್ವಂತದ್ದು ತಗೊಳ್ಳೋಣ ಅಂತ ಆನ್‌ಲೈನ್‌ನಲ್ಲಿ ಎರಡು ತರಿಸಿದೆ. ಮೊದಲ ಸಲ ತಪ್ಪು ಮಾಡಿದೆ. ನನಗೆ ತರಿಸಿದ್ದರ ಚೀಟಿಯಲ್ಲಿ 50 ನ್ಯೂಟನ್ ಅಂತ ಇತ್ತು. ಸುಮಾರು 10 ನ್ಯೂಟನ್ ಅಂದರೆ 1 ಕೆಜಿಯಷ್ಟು ಎತ್ತುವ ಶಕ್ತಿ. 50 ಇರುವುದು ಈಜು ಬರುವವರಿಗೆ, ದಡದ ಹತ್ತಿರ ಆಡುವವರಿಗೆ. ನನಗೆ ಈಜು ಬರಲ್ಲ. ಅದನ್ನು ವಾಪಸ್ ಕಳಿಸಿ ಕಾಲರ್ ಇರುವ 100 ನ್ಯೂಟನ್‌ದು ತರಿಸಿದೆ. ಶಾಂತ ನೀರಿನಲ್ಲಿ ಪ್ರಜ್ಞೆ ತಪ್ಪಿದರೂ ಮುಖ ಮೇಲೆ ಬರುವಂತೆ ಮಾಡಿರುವ ಜಾಕೆಟ್ ಇದು. ಕಾಲರ್ ತಲೆಯನ್ನು ಹಿಂದಿನಿಂದ ಹಿಡಿಯುತ್ತದೆ.

ಮಗನದಕ್ಕೆ 15ರಿಂದ 30 ಕೆಜಿ ಅಂತ ಬರೆದಿದೆ. ವಯಸ್ಸು ನೋಡಿ ತಗೊಳ್ಳಬೇಡಿ, ತೂಕವನ್ನೇ ನೋಡಿ. 'ಬೆಳೀತಾನೆ, ಒಂದು ಸೈಜ್ ದೊಡ್ಡದಿರಲಿ' ಅಂತ ನಾವು ಶಾಲೆಯ ಯೂನಿಫಾರ್ಮ್ ಹೊಲಿಸುತ್ತೇವಲ್ಲ, ಇದರಲ್ಲಿ ಅದು ನಡೆಯಲ್ಲ.

ಇನ್ನು ಹೊಲಿಗೆ. ಬೆಲ್ಟ್ ಬಂದು ಸೇರುವ ಕಡೆಯೆಲ್ಲ ಚೌಕಾಕಾರದ ಹೊಲಿಗೆ, ಅದರ ಒಳಗೆ ಮೂಲೆಯಿಂದ ಮೂಲೆಗೆ ಅಡ್ಡ ಹೊಲಿಗೆ. ಭಾರದ ಬ್ಯಾಗಿನ ಹಿಡಿಗೆ ನಾನೂ ಹಾಗೇ ಹಾಕುವುದು. ಒಂದು ಕಡೆ ಜೋತಾಡುತ್ತಿದ್ದ ದಾರದ ತುದಿ ಕತ್ತರಿಸಿ ಕಡ್ಡಿ ಗೀರಿ ಹಿಡಿದೆ. ಕರಗಿ ಸಣ್ಣ ಗಟ್ಟಿ ಮಣಿಯಾಯಿತು. ಅಂದರೆ ಪಾಲಿಯೆಸ್ಟರ್ ಅಥವಾ ನೈಲಾನ್‌ನಂಥ ಸಿಂಥೆಟಿಕ್ ದಾರ. ಹತ್ತಿ ದಾರ ಆಗಿದ್ದರೆ ಬೂದಿ ಆಗುತ್ತಿತ್ತು. ಹತ್ತಿ ನೀರಲ್ಲಿ ನೆನೆದು ನೆನೆದು ಕೊಳೆಯುತ್ತದೆ, ಹಾಗಾಗಿ ಈ ಮಣಿ ನೋಡಿ ನನಗೆ ಸಮಾಧಾನ ಆಯಿತು. ಆದರೆ ನನ್ನ ಜಾಕೆಟ್ಟಿನ ಎಡ ಭುಜದಲ್ಲಿ ನಾಲ್ಕು ಹೊಲಿಗೆ ಬಿಟ್ಟಿತ್ತು. ಮಷಿನ್ ಪಕ್ಕದಲ್ಲೇ ಇತ್ತು, ಎರಡು ನಿಮಿಷದ ಕೆಲಸ. ಆದರೂ ಮುಟ್ಟಲಿಲ್ಲ. ಜೀವ ಕಾಯುವ ವಸ್ತುವಿಗೆ ನಾವು ಮನೆಯಲ್ಲಿ ಸೂಜಿ ಹಾಕಬಾರದು. ಬದಲಾಯಿಸಿ ಕೊಟ್ಟರು, 9 ದಿನ ಹಿಡಿಯಿತು.

ಈಜುಕೊಳದಲ್ಲಿ, ಎದೆಮಟ್ಟದ ನೀರಿನಲ್ಲಿ, ಕಲಿಸುವವರನ್ನು ಪಕ್ಕಕ್ಕೆ ನಿಲ್ಲಿಸಿಕೊಂಡು ಹಾಕಿ ನೋಡಿದೆವು. ಕಾಲುಗಳ ನಡುವೆ ಕಟ್ಟುವ ಬೆಲ್ಟ್ ಬಿಟ್ಟು ಇಳಿಸಿದಾಗ ಜಾಕೆಟ್ ಮಗನ ಕಿವಿತನಕ ಏರಿತು, ಗಲ್ಲ ಒಳಗೆ ಮುಚ್ಚಿಹೋಯಿತು. ಆ ಬೆಲ್ಟ್ ಹಾಕಿದ ಮೇಲೆ ಅಲುಗಾಡಲಿಲ್ಲ. "ಅವ್ವಾ, ನಾನು ತೇಲಾಕತ್ತೀನಿ!" ಅಂತ ಕೂಗಿದ. ಮಕ್ಕಳ ಜಾಕೆಟ್ಟಿಗೆ ಈ ಬೆಲ್ಟ್ ಇಲ್ಲದಿದ್ದರೆ ತಗೊಳ್ಳಲೇಬೇಡಿ.

ಜೊತೆಗೆ ಬಂದ ಸೀಟಿ ಒದ್ದೆಯಾದಾಗಲೂ ಜೋರಾಗಿ ಊದುತ್ತದೆ. ಹೊಳೆಯುವ ಪಟ್ಟಿ ಚೆನ್ನಾಗಿದೆ. ಬಣ್ಣ ಕಿತ್ತಳೆ, ಅದು ಬಿಟ್ಟು ನೀಲಿ ಗೀಲಿ ಬೇಡ, ನೀರಲ್ಲಿ ಕಾಣಲ್ಲ. ಬಳಸಿದ ಮೇಲೆ ಸಾದಾ ನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸುತ್ತೇನೆ. ಬಿಸಿಲಿಗೆ ಬಟ್ಟೆ ಜೀರ್ಣವಾಗುತ್ತದೆ. ದೋಣಿಯಲ್ಲಿ ಇದನ್ನು ಮಡಚಿ ದಿಂಬಿನ ಥರ ಕೆಳಗೆ ಹಾಕಿ ಕೂರುವವರಿದ್ದಾರೆ. ಒಳಗಿನ ಫೋಮ್ ಚಪ್ಪಟೆಯಾದರೆ ತೇಲಿಸುವ ಶಕ್ತಿಯೂ ಹೋಗುತ್ತದೆ.

ನೀರಿಗೆ ಬಿದ್ದವರಿಗೆ ಎಸೆಯಲು ಒಂದು ಹಗ್ಗವನ್ನೂ ದುರ್ಗದ ಬೈಲಿನ ಹತ್ತಿರ ಬೇರೆ ತಗೊಂಡೆ, 15 ಮೀಟರ್. ನೈಲಾನ್ ಕೊಡಲು ಬಂದರು, ಬೇಡ ಅಂದೆ. ನೈಲಾನ್ ಮುಳುಗುತ್ತದೆ, ಪಾಲಿಪ್ರೊಪಿಲೀನ್ ಹಗ್ಗ ತೇಲುತ್ತದೆ. ನೀರಲ್ಲಿ ಇರುವವರ ಕೈಗೆ ಸಿಗಬೇಕಾದ ಹಗ್ಗ ತೇಲಬೇಕು ಅಲ್ವಾ? ಆ ಹಗ್ಗ ಈಗ ಅಣ್ಣಿಗೇರಿ ಕಡೆ ನನ್ನ ತವರಿನ ಹೊಲದಲ್ಲಿದೆ. ಅಲ್ಲಿ ಕೃಷಿ ಹೊಂಡ ಇದೆ. ಎರಿ ಮಣ್ಣು, ದಂಡೆ ಒದ್ದೆಯಾದರೆ ಕಾಲು ನಿಲ್ಲಲ್ಲ. ಅಣ್ಣ ಪಂಪ್ ಇಡಲು ದಿನಾ ಒಬ್ಬನೇ ಇಳಿಯುತ್ತಾನೆ, ಅವನಿಗೂ ಈಜು ಬರಲ್ಲ.

ಮೊನ್ನೆ ಹಬ್ಬಕ್ಕೆ ಬಂದಾಗ ಅವನ ಎದೆಯ ಅಳತೆ ತಗೊಂಡೆ. 38 ಇಂಚು. ತೂಕ 64. ಮುಂದಿನ ವಾರ ಅವನದೂ ತರಿಸುತ್ತೇನೆ, 100 ನ್ಯೂಟನ್‌ದೇ.