ಲೋವರಿಂಗ್ ಸ್ಪ್ರಿಂಗ್ ಹಾಕಿದ ಕಾರಿಗೆ ಅಲೈನ್‌ಮೆಂಟ್ ಮಾಡಿಸಿದೆ, ಹೇಗಿತ್ತು ಅಂದ್ರೆ

ಎರಡನೇ ಸಲ ಅಲೈನ್‌ಮೆಂಟ್ (ಚಕ್ರಗಳ ಕೋನ ಹೊಂದಿಸುವ ಕೆಲಸ) ಮಾಡಿಸಿದ ಗ್ಯಾರೇಜಿಗೆ ಐದಕ್ಕೆ ನಾಲ್ಕು ಸ್ಟಾರ್. ಬರೀ ಕೆಲಸ ನೋಡಿದರೆ ಐದೂ ಕೊಡಬಹುದಿತ್ತು. ಎರಡು ವಿಷಯ ಮರೆತರು, ಅದಕ್ಕೆ ಒಂದು ಕಡಿಮೆ.

ಕಾರು ಸಾಮಾನ್ಯ ಹ್ಯಾಚ್‌ಬ್ಯಾಕ್. ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್ (ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಸೇರಿದ ಕಂಬ), ಹಿಂದೆ ಟಾರ್ಷನ್ ಬೀಮ್ (ಎರಡೂ ಚಕ್ರ ಜೋಡಿಸುವ ಒಂದೇ ತೊಲೆ). ಸ್ಪ್ರಿಂಗ್ ಬದಲಾಯಿಸಿ 35 ಮಿಲಿಮೀಟರ್ ಇಳಿಸಿದ್ದು. ಸ್ಪ್ರಿಂಗ್ ಹಾಕಿದ ಮೊದಲಿನ ಗ್ಯಾರೇಜಿನವರೇ ಕಾರನ್ನು ಜ್ಯಾಕಿನಿಂದ ಇಳಿಸಿದ ಕೂಡಲೇ ಅಲೈನ್‌ಮೆಂಟನ್ನೂ ಮುಗಿಸಿ, ಸ್ಕ್ರೀನ್ ತೋರಿಸಿ, ಎಲ್ಲಾ ಹಸಿರು ಬಂದಿದೆ (ಅಳತೆ ಮಿತಿಯೊಳಗಿದೆ) ಅಂತ ಕಳಿಸಿದ್ದರು. ಅವರು ಕೊಟ್ಟ ಕಾಗದದಲ್ಲಿ ಇದ್ದದ್ದು ಮುಂದಿನ ಎರಡು ಚಕ್ರಗಳ ಟೋ (ಮೇಲಿಂದ ನೋಡಿದರೆ ಚಕ್ರದ ಮುಂಭಾಗ ಒಳಕ್ಕೋ ಹೊರಕ್ಕೋ ಎಷ್ಟು ತಿರುಗಿದೆ ಅನ್ನೋದು) ಮಾತ್ರ. ಕ್ಯಾಂಬರ್ (ಮುಂದಿನಿಂದ ನೋಡಿದರೆ ಚಕ್ರ ಎಷ್ಟು ವಾಲಿದೆ ಅನ್ನೋದು) ಇಲ್ಲ, ಹಿಂದಿನ ಚಕ್ರಗಳ ಸುದ್ದಿಯೇ ಇಲ್ಲ. ನೇರ ರಸ್ತೆಯಲ್ಲಿ ಹೋಗುವಾಗಲೂ ಸ್ಟಿಯರಿಂಗ್ ಎಡಕ್ಕೆ ವಾಲಿಕೊಂಡೇ ಇರುತ್ತಿತ್ತು. ಸ್ವಲ್ಪ ದಿನ ಓಡಿಸಿದ ಮೇಲೆ ಮುಂದಿನ ಟೈರಿನ ಒಳಅಂಚಿನ ಮೇಲೆ ಅಂಗೈ ಆಡಿಸಿ ನೋಡಿದೆ. ಒಂದು ದಿಕ್ಕಿಗೆ ನುಣುಪು, ವಾಪಸ್ ಎಳೆದರೆ ಗರಗಸದ ಹಲ್ಲಿನ ಹಾಗೆ ಚುಚ್ಚುತ್ತಿತ್ತು. ಟೋ ಕೆಟ್ಟಿದೆ ಅನ್ನೋದಕ್ಕೆ ಇದಕ್ಕಿಂತ ಗುರುತು ಬೇಕಾ?

ಕಾರು ಇಳಿಸಿದರೆ ಕ್ಯಾಂಬರ್ ಹಾಳಾಗುತ್ತೆ ಅಂತ ಎಲ್ಲರೂ ಹೇಳುತ್ತಾರೆ, ನಿಜವೇ. ಚಕ್ರದ ಮೇಲ್ಭಾಗ ಒಳಗೆ ವಾಲುತ್ತೆ, ಇದೇ ನೆಗೆಟಿವ್ ಕ್ಯಾಂಬರ್. ಆದರೆ ಟೈರನ್ನು ಬೇಗ ತಿನ್ನೋದು ಟೋ. ಚಕ್ರವನ್ನು ಹಿಡಿದಿರುವ ಕೆಳಗಿನ ಆರ್ಮ್ ಒಂದು ಕಮಾನಿನಲ್ಲಿ ಮೇಲೆ ಕೆಳಗೆ ಆಡುತ್ತೆ, ಚಕ್ರ ತಿರುಗಿಸುವ ಸ್ಟಿಯರಿಂಗಿನ ಟೈ ರಾಡ್ ಇನ್ನೊಂದು ಕಮಾನಿನಲ್ಲಿ. ಎರಡೂ ಪೂರ್ತಿ ಹೊಂದಿಕೆಯಾಗುವುದಿಲ್ಲ, ಹಾಗಾಗಿ ಕಾರಿನ ಎತ್ತರ ಬದಲಾದರೆ ಚಕ್ರ ತಾನಾಗಿಯೇ ಒಳಕ್ಕೋ ಹೊರಕ್ಕೋ ತಿರುಗುತ್ತೆ. ಯಾವ ಕಡೆಗೆ ಅನ್ನೋದು ಆಯಾ ಕಾರಿನ ಜೋಡಣೆ ನೋಡಿ. ನನ್ನದು ಹೊರಕ್ಕೆ ತಿರುಗಿತ್ತು. ಕಾಲು ಡಿಗ್ರಿ ಅಂದರೆ ಏನು ಮಹಾ ಅನ್ನಿಸುತ್ತೆ ಅಲ್ವಾ? ಲೆಕ್ಕ ಹಾಕಿ ನೋಡಿ, ಚಕ್ರ ಕಾಲು ಡಿಗ್ರಿ ಓರೆಯಾಗಿದ್ದರೆ ಪ್ರತಿ ಕಿಲೋಮೀಟರಿಗೆ ಸುಮಾರು 4 ಮೀಟರಿನಷ್ಟು ಪಕ್ಕಕ್ಕೆ ಉಜ್ಜಿಕೊಂಡೇ ಓಡುತ್ತೆ. ಅದರ ಮೇಲೆ ನೆಗೆಟಿವ್ ಕ್ಯಾಂಬರ್ ಬೇರೆ ಇದ್ದರೆ ಆ ಉಜ್ಜಾಟವೆಲ್ಲ ಒಳಅಂಚಿಗೇ ಬೀಳುತ್ತೆ.

ಸರಿ, ಈಗ ಈ ಗ್ಯಾರೇಜಿನ ವಿಷಯ. ನನಗೆ ಹಿಡಿಸಿದ್ದು ಇವರ ಮೆಷಿನ್ ಅಲ್ಲ, ಕ್ಯಾಮೆರಾ ಇರುವ ಅದೇ ತರಹದ ಮೆಷಿನ್ ಈಗ ಬಹಳ ಕಡೆ ಇದೆ. ಮೆಷಿನ್ ಆನ್ ಮಾಡುವ ಮೊದಲು ಮಾಡಿದ ಕೆಲಸ ಹಿಡಿಸಿತು. ಮೊದಲು ನಾಲ್ಕೂ ಟೈರಿನ ಗಾಳಿ ನೋಡಿದರು. ಚಕ್ರ ಎತ್ತಿ, ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ ಬಾಲ್ ಜಾಯಿಂಟ್ ನೋಡಿದರು, ಅಕ್ಕಪಕ್ಕ ಹಿಡಿದು ಟೈ ರಾಡ್ ಎಂಡ್ ನೋಡಿದರು. ಸಡಿಲ ಇದ್ದರೆ ಅಲೈನ್‌ಮೆಂಟ್ ಮಾಡಿಯೂ ದಂಡ. ಆಮೇಲೆ ಟೇಪ್ ಹಿಡಿದು ಚಕ್ರದ ನಡುವಿನಿಂದ ಮಡ್‌ಗಾರ್ಡಿನ ಅಂಚಿನವರೆಗೆ ನಾಲ್ಕೂ ಕಡೆ ಅಳೆದು ಬರೆದುಕೊಂಡರು. ಎಡ ಬಲ ಎತ್ತರ ಒಂದೇ ಇಲ್ಲದಿದ್ದರೆ ಸ್ಪ್ರಿಂಗ್ ಸರಿಯಾಗಿ ಕೂತಿಲ್ಲ ಅಂತ ಅರ್ಥ, ಆಗ ಕ್ಯಾಂಬರ್ ಎಳೆದಾಡುವುದು ಸುಮ್ನೆ.

ಆಮೇಲೆ ಮೆಕ್ಯಾನಿಕ್ ಕೇಳಿದ ಪ್ರಶ್ನೆ: "ಸರ್, ಸ್ಪ್ರಿಂಗ್ ಹಾಕಿದ ಮೇಲೆ ಆರ್ಮ್ ಬೋಲ್ಟ್ ಲೂಸ್ ಮಾಡಿ, ಕಾರು ಕೆಳಗಿಳಿಸಿ ಟೈಟ್ ಮಾಡಿದ್ರಾ?" ನನಗೇನು ಗೊತ್ತು. ಅವರೇ ಕೆಳಗೆ ಹೋಗಿ ಬೋಲ್ಟ್ ಸಡಿಲಿಸಿದರು. ಆರ್ಮಿನ ಬುಡದ ರಬ್ಬರ್ ಬುಷ್ ಟಕ್ ಅಂತ ಒಂದು ಸಲ ತಿರುಗಿ ನಿಂತಿತು, ಟಾರ್ಚ್ ಬೆಳಕಿನಲ್ಲಿ ನಾನೂ ನೋಡಿದೆ. ಈ ಬುಷ್‌ನಲ್ಲಿ ರಬ್ಬರ್ ಒಳಗಿನ ಕಬ್ಬಿಣದ ಕೊಳವೆಗೆ ಅಂಟಿಕೊಂಡಿರುತ್ತೆ, ಬೋಲ್ಟ್ ಬಿಗಿ ಮಾಡಿದರೆ ಕೊಳವೆ ಅಲ್ಲೇ ಲಾಕ್. ಚಕ್ರ ಜೋತಾಡುವಾಗ ಬಿಗಿ ಮಾಡಿಬಿಟ್ಟರೆ ಕಾರು ನೆಲಕ್ಕೆ ಇಳಿದ ಮೇಲೆ ರಬ್ಬರ್ ಸದಾ ತಿರುಚಿಕೊಂಡೇ ಇರುತ್ತೆ, ಬೇಗ ಹರಿಯುತ್ತೆ, ಕಾರು ಕೂರಬೇಕಾದ ಎತ್ತರಕ್ಕೂ ಸರಿಯಾಗಿ ಕೂರುವುದಿಲ್ಲ. ಮೊದಲಿನ ಗ್ಯಾರೇಜಿನಲ್ಲಿ ಆಗಿದ್ದೂ ಇದೇ. ಬುಷ್ ತಿರುಚಿಕೊಂಡಿತ್ತು, ಸ್ಪ್ರಿಂಗ್ ಇನ್ನೂ ಕೂತಿರಲಿಲ್ಲ, ಆ ಎತ್ತರಕ್ಕೆ ಟೋ ಇಟ್ಟು ಕಳಿಸಿದ್ದರು. ಓಡಿಸುತ್ತಾ ಕಾರು ಇನ್ನಷ್ಟು ಕೂತಿತು, ಟೋ ಮತ್ತೆ ಹೊರಗೆ. ಇವರು ಕಾರನ್ನು ಅದರ ಚಕ್ರಗಳ ಮೇಲೆಯೇ ನಿಲ್ಲಿಸಿ, ಮುಂದೆ ಹಿಂದೆ ಒತ್ತಿ ಒತ್ತಿ ಕೂರಿಸಿ, ಆಮೇಲೆ ಟಾರ್ಕ್ ರೆಂಚ್ ಹಿಡಿದು ಬೋಲ್ಟ್ ಬಿಗಿ ಮಾಡಿದರು.

ಅಳತೆ ಬಂದಾಗ ಎಡ ಕ್ಯಾಂಬರ್ ಮೈನಸ್ 1 ಡಿಗ್ರಿ 50 ನಿಮಿಷ, ಬಲ ಮೈನಸ್ 1 ಡಿಗ್ರಿ 10 ನಿಮಿಷ. 60 ನಿಮಿಷಕ್ಕೆ ಒಂದು ಡಿಗ್ರಿ, ಹಾಗಾಗಿ ಎರಡರ ನಡುವೆ 40 ನಿಮಿಷ, ಅಂದರೆ ಡಿಗ್ರಿಯ ಮೂರನೇ ಎರಡು ಭಾಗದಷ್ಟು ವ್ಯತ್ಯಾಸ. ನನ್ನ ಕಾರಿನಲ್ಲಿ ಕ್ಯಾಂಬರ್ ಹೊಂದಿಸಲು ಕಂಪನಿಯಿಂದ ಏನೂ ಕೊಟ್ಟಿಲ್ಲ, ಬಹಳಷ್ಟು ಸ್ಟ್ರಟ್ ಕಾರುಗಳ ಕಥೆ ಇದೇ. ಸ್ಟ್ರಟ್ ಮತ್ತು ನಕಲ್ (ಚಕ್ರ ಕೂರುವ ಲೋಹದ ಭಾಗ) ಸೇರುವಲ್ಲಿನ ಎರಡು ಬೋಲ್ಟ್‌ಗಳಲ್ಲಿ ಒಂದನ್ನು ತೆಗೆದು ಕ್ಯಾಂಬರ್ ಬೋಲ್ಟ್ ಹಾಕಿದರು. ಅದರ ಮಧ್ಯೆ ಓರೆ ಉಬ್ಬು ಇರುತ್ತೆ, ತಿರುಗಿಸಿದರೆ ನಕಲ್ ವಾಲುತ್ತೆ. ಎರಡೂ ಕಡೆ ಮೈನಸ್ 1 ಡಿಗ್ರಿ ಆಸುಪಾಸಿಗೆ ತಂದರು. ಟೋ ಮುಟ್ಟಿದ್ದು ಆಮೇಲೆ. ಕ್ಯಾಂಬರ್ ಅಲ್ಲಾಡಿಸಿದರೆ ಟೋ ಕೂಡ ಅಲ್ಲಾಡುತ್ತೆ, ಹಾಗಾಗಿ ಟೋ ಯಾವಾಗಲೂ ಕೊನೆಗೆ. ಇದನ್ನು ತಿರುಗುಮುರುಗು ಮಾಡುವವರಿದ್ದಾರೆ, ಹುಷಾರು.

ಹಿಂದಿನ ಬೀಮ್ ಬಗ್ಗೆ ಸುಳ್ಳು ಹೇಳಲಿಲ್ಲ. ಅದು ಒಂದೇ ತುಂಡು, ಹೊಂದಿಸೋಕೆ ಏನೂ ಇಲ್ಲ, ಹಬ್ ಹಿಂದೆ ಶಿಮ್ (ತೆಳು ತಗಡು) ಹಾಕಬಹುದು ಅಷ್ಟೇ, ನಿಮ್ಮದಕ್ಕೆ ಬೇಡ ಅಂದರು. ಆದರೆ ಹಿಂದಿನ ಚಕ್ರಗಳನ್ನು ಅಳೆದು, ಅವು ಕಾರನ್ನು ಯಾವ ದಿಕ್ಕಿಗೆ ತಳ್ಳುತ್ತಿವೆ ಅನ್ನೋದಕ್ಕೆ ಸರಿಯಾಗಿ ಮುಂದಿನ ಟೋ ಇಟ್ಟರು. ಸ್ಟಿಯರಿಂಗ್ ನೆಟ್ಟಗೆ ಬಂದಿದ್ದು ಇದರಿಂದ. ಮುಂದಿನ ಎರಡನ್ನೇ ನೋಡಿ ಕೂರಿಸಿದರೆ ಕಾಗದದಲ್ಲಿ ಹಸಿರು ಇರುತ್ತೆ, ಸ್ಟಿಯರಿಂಗ್ ಸೊಟ್ಟಗಿರುತ್ತೆ.

ಈಗ ದೂರು. ರ‍್ಯಾಂಪ್ ಹತ್ತಿಸುವಾಗ ಮುಂದಿನ ಬಂಪರ್ ತಾಗುತ್ತೆ ಅಂತ ನಾನೇ ಕೂಗಿ ನಿಲ್ಲಿಸಬೇಕಾಯಿತು. ಆಮೇಲೆ ಹಲಗೆ ತಂದು ಹಾಕಿದರು. ಇಳಿಸಿದ ಕಾರುಗಳನ್ನೇ ಜಾಸ್ತಿ ನೋಡುವ ಜಾಗದಲ್ಲಿ ಹಲಗೆ ಮೊದಲೇ ಇರಬೇಕಲ್ವಾ? ಎರಡನೆಯದು ಇನ್ನೂ ಮುಖ್ಯ. ಕೆಲಸ ಮುಗಿದ ಮೇಲೆ ಸ್ಟಿಯರಿಂಗ್ ಆ್ಯಂಗಲ್ ಸೆನ್ಸರನ್ನು ಸೊನ್ನೆಗೆ ತರಲಿಲ್ಲ, ಸ್ಟೆಬಿಲಿಟಿ ಕಂಟ್ರೋಲ್ (ಕಾರು ಜಾರದಂತೆ ತಡೆಯುವ ವ್ಯವಸ್ಥೆ) ದೀಪ ಹತ್ತಿಕೊಂಡೇ ಕಾರು ಕೈಗೆ ಕೊಟ್ಟರು. ತೋರಿಸಿದ ಮೇಲೆ ಸ್ಕ್ಯಾನರ್ ತಂದು ಸರಿಮಾಡಿದರು, ಹಣ ಕೇಳಲಿಲ್ಲ. ಆದರೂ ಅದು ಗಿರಾಕಿ ನೆನಪಿಸುವ ಕೆಲಸ ಅಲ್ಲ. ಕಾಯಿಸುವುದೂ ಜಾಸ್ತಿ. ಒಂದು ಕಾರಿಗೆ ಅಷ್ಟು ಹೊತ್ತು ಹಿಡಿದರೆ ಹಿಂದಿನವರು ಕಾಯಲೇಬೇಕು, ಅದಕ್ಕೆ ನಾನು ಅಂಕ ಕಳೆದಿಲ್ಲ.

ಈಗ ಸ್ಟಿಯರಿಂಗ್ ನೇರ ಇದೆ, ಕೈ ಸಡಿಲ ಬಿಟ್ಟರೂ ಕಾರು ಎಳೆಯುವುದಿಲ್ಲ. ಸವೆದ ಒಳಅಂಚು ವಾಪಸ್ ಬರಲ್ಲ, ಆ ಎರಡು ಟೈರಿನ ಆಯಸ್ಸು ಹೋಯಿತು. ನೀವು ಇಲ್ಲಿಗೆ ಹೋಗುವುದಾದರೆ ಸ್ಪ್ರಿಂಗ್ ಹಾಕಿಸಿ ಕೆಲವು ನೂರು ಕಿಲೋಮೀಟರ್ ಓಡಿಸಿ ಆಮೇಲೆ ಹೋಗಿ. ನಾಲ್ಕೂ ಚಕ್ರದ ಮೊದಲಿನ ಅಳತೆ, ನಂತರದ ಅಳತೆ ಎರಡೂ ಇರುವ ಪ್ರಿಂಟ್ ಕೇಳಿ ಇಸ್ಕೊಳ್ಳಿ, ಕೇಳಿದರೆ ಕೊಡುತ್ತಾರೆ. ಹೆಡ್‌ಲೈಟ್ ಕೂಡ ಒಮ್ಮೆ ಗೋಡೆಗೆ ಹಿಡಿದು ನೋಡಿಸಿ, ಮುಂದೆ ಹಿಂದೆ ಸಮ ಇಳಿಯದಿದ್ದರೆ ಬೆಳಕಿನ ಮಟ್ಟ ಬದಲಾಗಿರುತ್ತೆ. ಅದನ್ನು ಅವರು ತಾವಾಗಿ ನೋಡುವುದಿಲ್ಲ.