ಹೆದೆಗೆ ಹೊಲಿಗೆ ದಾರ ಸುತ್ತಿದೆ, ಬಿಲ್ಲಿನ ಲಿಂಬ್ ಕಳೆದುಕೊಂಡೆ

ಮೊದಲೇ ಹೇಳಿಬಿಡುತ್ತೇನೆ, ತಪ್ಪು ಪೂರ್ತಿ ನನ್ನದೇ. ನೀವು ಮಾಡಬೇಡಿ ಅಂತ ಬರೆಯುತ್ತಿದ್ದೇನೆ.

ನನ್ನದು ರಿಕರ್ವ್, ಅಂದರೆ ತುದಿಗಳು ಮುಂದಕ್ಕೆ ಬಾಗಿದ ಬಿಲ್ಲು. ಅದರ ಹೆದೆಯಲ್ಲಿ, ಬಾಣದ ನಾಕ್ (ಹೆದೆಗೆ ಸಿಕ್ಕಿಸುವ ಹಿಂತುದಿಯ ಕಚ್ಚು) ಕೂರುವ ಜಾಗದ ಸರ್ವಿಂಗ್ ಬಿಚ್ಚಿಕೊಳ್ಳತೊಡಗಿತ್ತು. ಸರ್ವಿಂಗ್ ಅಂದರೆ ಹೆದೆಯ ಎಳೆಗಳು ಸವೆಯದಿರಲಿ ಅಂತ ಮೇಲೆ ಒತ್ತೊತ್ತಾಗಿ ಸುತ್ತಿರುವ ದಾರ. ಬೆರಳು, ನಾಕ್, ತೋಳುಪಟ್ಟಿ ಎಲ್ಲ ಉಜ್ಜುವುದು ಅಲ್ಲೇ. ಮೊದಲು ಒಂದೇ ಒಂದು ಸುತ್ತು ಸರಿದು ಸಣ್ಣ ಸಂದು ಕಂಡಿತು. ವಾರ ಬಿಟ್ಟು ನೋಡಿದರೆ ಒಳಗಿನ ಎಳೆಗಳೇ ಇಣುಕುತ್ತಿದ್ದವು.

ಸರ್ವಿಂಗ್ ದಾರ ತರಿಸೋಕೆ ಸೋಮಾರಿತನ. ಹಳೆಯದನ್ನು ಬ್ಲೇಡಿನಿಂದ ಸೀಳಿ ತೆಗೆದೆ. ಮನೆಯಲ್ಲಿದ್ದ ಹೊಲಿಗೆ ದಾರವನ್ನೇ ಕೈಯಲ್ಲಿ ಬಿಗಿಯಾಗಿ ಸುತ್ತಿ, ತುದಿಗೆ ಎರಡು ಹನಿ ಸೂಪರ್ ಗ್ಲೂ ಬಿಟ್ಟೆ. ನೋಡೋಕೆ ಚೆನ್ನಾಗೇ ಇತ್ತು. ಆದರೆ ಮೊದಲಿಗಿಂತ ತೆಳ್ಳಗೆ. ಹಿಂದೆಲ್ಲ ‘ಟಿಕ್’ ಅಂತ ಕೂರುತ್ತಿದ್ದ ನಾಕ್ ಈಗ ಸದ್ದಿಲ್ಲದೆ ಜಾರಿ ಒಳಗೆ ಹೋಗುತ್ತಿತ್ತು. ನನಗದು ಗೊತ್ತಾಯಿತು ಕೂಡ. ಗೊತ್ತಾಗಿಯೂ ಸುಮ್ನಿದ್ದೆ, ಹೊಟ್ಟೆ ಉರಿಯುವುದು ಅದಕ್ಕೇ.

ಆರನೆಯ ಬಾಣವೋ ಏಳನೆಯದೋ. ಪೂರ್ತಿ ಎಳೆದು, ಕೈಯನ್ನು ಗದ್ದದ ಕೆಳಗೆ ತಂದು ಬಿಟ್ಟೆ. ಫಟ್! ಬಾಣ ನನ್ನ ಕಾಲ ಬುಡದಲ್ಲೇ ಬಿದ್ದಿತ್ತು. ನಾಕ್ ಯಾವಾಗಲೋ ಹೆದೆಯಿಂದ ಕಳಚಿಕೊಂಡಿದೆ, ನಾನು ಬಿಟ್ಟದ್ದು ಬರೀ ಹೆದೆ. ಬಾಣ ಹೊತ್ತೊಯ್ಯಬೇಕಿದ್ದ ಬಲವೆಲ್ಲ ಬಿಲ್ಲಿಗೇ ವಾಪಸ್ ಬಡಿಯಿತು. ಡ್ರೈ ಫೈರ್ ಅನ್ನುವುದು ಇದಕ್ಕೇ.

ಕಣ್ಣಿಗೆ ಏನೂ ಕಾಣಲಿಲ್ಲ. ಹತ್ತಿಯ ಉಂಡೆಯನ್ನು ಲಿಂಬ್, ಅಂದರೆ ಹಿಡಿಯ ಮೇಲೆ ಕೆಳಗೆ ಇರುವ ಬಾಗುವ ತೋಳುಗಳ ಉದ್ದಕ್ಕೂ ಮೆಲ್ಲಗೆ ಸವರಿದೆ. ಮೇಲಿನ ಲಿಂಬ್‌ನಲ್ಲಿ ಏನೂ ಇಲ್ಲ. ಕೆಳಗಿನದರಲ್ಲಿ, ತುದಿಯಿಂದ ಒಂದು ಗೇಣು ಈಚೆಗೆ, ಹತ್ತಿಯ ನಾರು ಸಿಕ್ಕಿಕೊಂಡಿತು. ಬೆಳಕಿಗೆ ಹಿಡಿದರೆ ಅಂಚಿನಲ್ಲಿ ಕೂದಲಿನಷ್ಟು ಸಣ್ಣ ಸೀಳು, ಫೈಬರ್‌ಗ್ಲಾಸ್ ಪದರ ಎದ್ದಿತ್ತು. ಅಂಥ ಲಿಂಬನ್ನು ಮತ್ತೆ ಎಳೆಯುವ ಹಾಗಿಲ್ಲ. ಮುರಿದರೆ ಚೂರು ಹಾರುವುದು ಮುಖದ ಪಕ್ಕದಲ್ಲೇ ಅಲ್ವಾ?

ಆಮೇಲೆ ಹೊಲಿಗೆ ದಾರ ಬಿಚ್ಚಿದಾಗ ಇನ್ನೊಂದು ಬೆಳಕಿಗೆ ಬಂತು. ಎರಡು ಎಳೆಗಳು ಅರ್ಧಕ್ಕೆ ಕತ್ತರಿಸಿಹೋಗಿದ್ದವು, ನನ್ನದೇ ಬ್ಲೇಡಿನ ಕೆಲಸ. ಗ್ಲೂ ಇಳಿದ ಕಡೆ ಎಳೆಗಳು ಕಡ್ಡಿಯಂತೆ ಗಡುಸಾಗಿದ್ದವು. ನಾಕ್ ಕಳಚದಿದ್ದರೂ ಆ ಹೆದೆ ಜಾಸ್ತಿ ದಿನ ಬಾಳುತ್ತಿರಲಿಲ್ಲ. ಹೆದೆ ತುಂಡಾದರೂ ಬಿಲ್ಲಿಗೆ ಬೀಳುವ ಪೆಟ್ಟು ಅದೇ.

ಈಗ ಒಂದು ಎಳೆ ಕಡಿದರೂ ಹೆದೆಯನ್ನೇ ಬದಲಿಸುತ್ತೇನೆ. ಬರೀ ಸರ್ವಿಂಗ್ ಹೋಗಿದ್ದರೆ, ಬಿಚ್ಚುವ ಮೊದಲು ನಾಕಿಂಗ್ ಪಾಯಿಂಟ್ (ಹೆದೆಯ ಮೇಲೆ ನಾಕ್ ಕೂರುವ ಗುರುತು) ಎಷ್ಟು ಎತ್ತರದಲ್ಲಿದೆ ಅಂತ ಅಳೆದು ಬರೆದಿಟ್ಟುಕೊಳ್ಳುತ್ತೇನೆ. ಬ್ಲೇಡ್ ಮುಟ್ಟುವುದಿಲ್ಲ, ದಾರದ ತುದಿ ಹುಡುಕಿ ಕೈಯಲ್ಲೇ ಬಿಚ್ಚುತ್ತೇನೆ. ಹೆದೆಯನ್ನು ಬಿಲ್ಲಿಗೆ ಏರಿಸಿ, ಅದು ಬಿಗಿಯಾಗಿರುವಾಗಲೇ ಸರ್ವಿಂಗ್ ಜಿಗ್‌ನಿಂದ (ದಾರವನ್ನು ಬಿಗಿಯಾಗಿ ಸುತ್ತುವ ಸಣ್ಣ ಸಾಧನ) ಸುತ್ತುವುದು. ಹೆದೆಯ ತಿರುಚು ಯಾವ ದಿಕ್ಕಿಗಿದೆಯೋ ಸುತ್ತೂ ಅದೇ ದಿಕ್ಕಿಗೆ. ದಾರದ ತುದಿಯನ್ನು ಮೊದಲ ಹತ್ತು ಹದಿನೈದು ಸುತ್ತುಗಳ ಅಡಿಯಲ್ಲೇ ಹೂತುಬಿಡಬೇಕು. ಕೊನೆಯಲ್ಲೂ ಹಾಗೇ, ಅಂಟು ಬೇಕಾಗುವುದೇ ಇಲ್ಲ. ಸರ್ವಿಂಗ್ ಇಲ್ಲದ ಕಡೆಗೆ ಮೇಣ ಸವರಿ, ಬಿಸಿಯಾಗಿ ಒಳಗಿಳಿಯುವವರೆಗೆ ಬೆರಳಿನಿಂದ ಉಜ್ಜುತ್ತೇನೆ.

ದಾರದ ದಪ್ಪದಲ್ಲಿ ಮಾತ್ರ ರಾಜಿ ಇಲ್ಲ. 0.018 ಇಂಚಿನದಕ್ಕೂ 0.021 ಇಂಚಿನದಕ್ಕೂ ಕೈಗೆ ವ್ಯತ್ಯಾಸ ಗೊತ್ತಾಗುವುದೇ ಕಷ್ಟ, ನಾಕ್‌ಗೆ ಚೆನ್ನಾಗಿ ಗೊತ್ತಾಗುತ್ತದೆ. ಅದಕ್ಕೇ ಸುತ್ತಿ ಮುಗಿಸಿದ ಮೇಲೆ ಹೆದೆಯನ್ನು ನೆಲಕ್ಕೆ ಅಡ್ಡವಾಗಿ ಹಿಡಿದು, ಬಾಣ ಸಿಕ್ಕಿಸಿ ಕೆಳಮುಖವಾಗಿ ತೂಗುಬಿಡುತ್ತೇನೆ. ತಾನಾಗಿ ಬೀಳಬಾರದು. ನಾಕ್ ಪಕ್ಕದಲ್ಲಿ ಹೆದೆಗೆ ಬೆರಳಿನಿಂದ ಒಮ್ಮೆ ತಟ್ಟಿದರೆ ಬೀಳಬೇಕು. ಬೀಳದಿದ್ದರೆ ಬಿಗಿ ಜಾಸ್ತಿ ಅಂತ ಅರ್ಥ, ಎಲ್ಲ ಬಿಚ್ಚಿ ಮತ್ತೆ ಸುತ್ತುತ್ತೇನೆ.